ಗಾಡಿ ಯಾಕೆ ಕದಲಲಿಲ್ಲ

ಓಹಾಯೋದ ಈ ಮನೆ ಕೊಂಡಾಗ ಶೆಡ್ಡಲ್ಲೊಂದು ಹಳೇ ಗಾಡಿ ಸಿಕ್ಕಿತ್ತು, ಕೂತು ಓಡಿಸ್ತಾ ಹುಲ್ಲು ಕತ್ತರಿಸೋದು. ಏಪ್ರಿಲ್‌ನಲ್ಲಿ ಹೊರಗೆ ತೆಗೆಯೋಣ ಅಂದ್ರೆ ಜಪ್ಪಯ್ಯ ಅಂದ್ರೂ ಕದಲಲಿಲ್ಲ. ಇಂಜಿನ್ ಸ್ಟಾರ್ಟ್ ಆಗುತ್ತೆ, ಗೇರ್ ನ್ಯೂಟ್ರಲ್‌ನಲ್ಲಿದೆ, ಆದ್ರೂ ಹಿಂದಿನ ಚಕ್ರ ಉರುಳಲ್ಲ. ಅಂಗಡಿಯವನು ಫೋನಲ್ಲೇ ತೀರ್ಪು ಕೊಟ್ಟ: ಟ್ರಾನ್ಸ್‌ಆಕ್ಸಲ್ ಹೋಗಿದೆ, ಹೊಸ ಗಾಡಿ ತಗೊಳ್ಳಿ. ಗೇರ್‌ಬಾಕ್ಸೂ ಡಿಫರೆನ್ಷಿಯಲ್ಲೂ ಸೇರಿರೋ ಡಬ್ಬಿ ಅದು. ನಾನು ಬಿ.ಇ. ಮೆಕ್ಯಾನಿಕಲ್, ಹತ್ತು ವರ್ಷದಿಂದ ಬಿಚ್ಚಿರೋದು ಬರೀ ಜಾವಾ ಕೋಡು.

ಊರಲ್ಲಿ ಟ್ರ್ಯಾಕ್ಟರ್ ಇಟ್ಕೊಂಡಿರೋ ಅಪ್ಪನಿಗೆ ವಿಡಿಯೋ ಕಾಲ್ ಮಾಡ್ದೆ. ನಮ್ಮ ಮಾತು "ಊಟ ಆಯ್ತಾ" ದಾಟಿ ವರ್ಷಗಳೇ ಆಗಿದ್ವು.

"ಜಾಕ್ ಕೊಟ್ಟು ಒಂದು ಚಕ್ರ ತಿರುಗ್ಸು."

ಇನ್ನೊಂದು ಉಲ್ಟಾ ತಿರುಗಿತು.

"ಡಿಫರೆನ್ಷಿಯಲ್ ಸರಿ ಐತೆ. ಡಬ್ಬಿ ಬಿಚ್ಬೇಡ. ಬ್ರೇಕ್ ತೋರ್ಸು."

ಡಬ್ಬಿಯ ಪಕ್ಕದ ಪುಟ್ಟ ಡಿಸ್ಕು ತುಕ್ಕು ಹಿಡಿದು ಪ್ಯಾಡಿಗೆ ಅಂಟಿತ್ತು. ಅದರ ಶಾಫ್ಟು ಚಕ್ರದ ಜೊತೆಗೇ ತಿರುಗಬೇಕು, ನ್ಯೂಟ್ರಲ್‌ಗೆ ಹಾಕಿದ್ರೂ ಬಿಡುಗಡೆಯಿಲ್ಲ. ಚಳಿಗಾಲಕ್ಕೆ ಮುಂಚೆ ಪಾರ್ಕಿಂಗ್ ಬ್ರೇಕ್ ಹಾಕಿಟ್ಟವನು ನಾನೇ!

ಬೋಲ್ಟ್ ಸಡಿಲಿಸಿ ಮೆಲ್ಲಗೆ ತಟ್ಟಿದೆ. ಟಕ್ ಅಂತ ಬಿಡ್ತು.

"ಪ್ಯಾಡ್ ಉಜ್ಜಿ ಹಾಕು, ಎಣ್ಣೆ ತಾಗಿಸ್ಬೇಡ."

ಅಲ್ಲಿ ರಾತ್ರಿ ಹನ್ನೊಂದೂವರೆ. ಫೋನಿಡಲಿಲ್ಲ ಅಪ್ಪ.

"ಅಲ್ಲಪ್ಪ, ಇಷ್ಟೊಂದು ಹುಲ್ಲು ಕೊಯ್ದು ಯಾವ ಹಸೂಗೆ ಹಾಕ್ತೀಯ?"