ಮಳೆ ಬಿಟ್ಟ ಮೇಲೆ ಕಬಡ್ಡಿ

ಸುಳ್ಯದಿಂದ ಮಡಿಕೇರಿಗೆ ಹೊರಟ ಬಸ್ಸು ಪೆರಾಜೆಯಲ್ಲಿ ಒಮ್ಮೆ ಕೊಡಗಿನೊಳಕ್ಕೆ ಕಾಲಿಡುತ್ತದೆ. ಅರಂತೋಡಿನ ಹೊತ್ತಿಗೆ ಮತ್ತೆ ದಕ್ಷಿಣ ಕನ್ನಡಕ್ಕೆ ಬರುತ್ತದೆ. ಕಲ್ಲುಗುಂಡಿ ದಾಟಿ ಸಂಪಾಜೆಯಲ್ಲಿ ಮುಂದೆ ಹೋದರೆ ಪುನಃ ಕೊಡಗು. ಕಬಡ್ಡಿಯ ದಾಳಿಗಾರನಂತೆ ಗೆರೆ ದಾಟಿ, ಹಿಂದೆ ಬಂದು, ಮತ್ತೆ ದಾಟುವ ಈ ದಾರಿಯಲ್ಲಿ ಕಲ್ಲುಗುಂಡಿ ಒಂದು ಸಣ್ಣ ಪೇಟೆ. ನಡುವೆ ರಾಷ್ಟ್ರೀಯ ಹೆದ್ದಾರಿ 275, ಪಕ್ಕದಲ್ಲಿ ಪಯಸ್ವಿನಿ, ಸುತ್ತ ಅಡಿಕೆ ತೋಟ, ರಬ್ಬರು, ಹಿಂದೆ ಘಟ್ಟದ ಕಾಡು. ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ತಮಿಳು, ಕನ್ನಡ ಎಲ್ಲವೂ ಒಂದೇ ಹೋಟೆಲಿನ ಬೆಂಚಿನ ಮೇಲೆ ಕೇಳಿಸುತ್ತವೆ. ಚೌತಿ ಕಳೆದು ಮಳೆ ಸ್ವಲ್ಪ ಹೊಳವಾಯಿತೋ, ಆ ಬೆಂಚಿನಿಂದ ನನಗೆ ಬರುವ ಪ್ರಶ್ನೆ ಮಾತ್ರ ಒಂದೇ: "ಮಾಷ್ಟ್ರೆ, ಈ ಸಲ ನಮ್ಮ ಕಾಲೇಜಿನ ಟೀಮು ಹೇಗುಂಟು?"

ನಾನು ವಿಜ್ಞಾನ ಪಾಠ ಮಾಡುವವನು, ತರಬೇತುದಾರನಲ್ಲ. ಆದರೂ ಅಂತರ ಕಾಲೇಜು ಕಬಡ್ಡಿ ಪಂದ್ಯಾಟ ಎಂದರೆ ರಜೆ ಹಾಕಿಯಾದರೂ ಹೋಗುವ ಚಟ ಹಳೆಯದು. ನಮ್ಮ ಹುಡುಗರು ಓದುವ ಕಾಲೇಜಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಎದುರಾಳಿಗಳೂ ಈ ಪುರವಣಿ ಓದುತ್ತಾರೆ ತಾನೆ!

ಋತು ಆರಂಭವಾಗುವ ಮುಂಚೆ ಕಾಲೇಜು ತಂಡದ ಭವಿಷ್ಯ ಹೇಳುವುದು ನಮ್ಮೂರಿನವರಿಗೆ ಮಾತ್ರ ಇರುವ ಹುಚ್ಚಲ್ಲ. ಅಮೆರಿಕದಲ್ಲಿ ಕಾಲೇಜು ಬೇಸ್‌ಬಾಲ್ ಫೆಬ್ರುವರಿಯಲ್ಲಿ ಶುರುವಾಗುತ್ತದೆ. ಚಳಿಗಾಲವಿಡೀ ಅಲ್ಲಿನ ಅಭಿಮಾನಿಗಳು ಯಾರು ಹೋದರು, ಯಾರು ಬಂದರು, ಯಾರ ತೋಳು ನೋಯುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ಅವರಿಗೆ ಹಿಮ, ನಮಗೆ ಮಳೆ. ಲೆಕ್ಕದ ವಿಧಾನ ಒಂದೇ. ಕಾಲೇಜು ತಂಡ ಎಂಬುದು ಹರಿಯುವ ನೀರಿನ ಹಾಗೆ. ಪದವಿ ಮುಗಿದವನು ಹೋಗಲೇಬೇಕು, ಹೊಸಬ ಬರಲೇಬೇಕು.

ಮೊದಲು ಹೋದವರ ಲೆಕ್ಕ. ನಮ್ಮ ತಂಡದ ಎಡ ಮೂಲೆ ಕಾಯುತ್ತಿದ್ದ ಹುಡುಗ ಪದವಿ ಮುಗಿಸಿ ಬೆಂಗಳೂರಿಗೆ ಹೋದ. ಅವನು ಪಾದ ಹಿಡಿದನೆಂದರೆ ದಾಳಿಗಾರನಿಗೆ ನಡುಗೆರೆ ಕಾಣುವುದಷ್ಟೆ, ಮುಟ್ಟುವುದಿಲ್ಲ. ಮೂವರು ದಾಳಿಗಾರರಲ್ಲಿ ಇಬ್ಬರು ಉಳಿದಿದ್ದಾರೆ. ಬೋನಸ್ ಗೆರೆಗೆ ಕಾಲು ಚಾಚುವುದರಲ್ಲಿ ಒಬ್ಬ ನಿಪುಣ. ಆದರೆ ಎದುರಿಗೆ ಆರು ಮಂದಿ ಇದ್ದರೆ ಮಾತ್ರ ಬೋನಸ್ ಸಿಗುವುದರಿಂದ, ಐವರಿಗಿಳಿದ ಮೇಲೆ ಅವನ ಆಟ ಮಂಕಾಗುತ್ತದೆ. ಎರಡು ಖಾಲಿ ದಾಳಿಗಳ ನಂತರ ಮೂರನೆಯದರಲ್ಲಿ ಅಂಕ ತರಲೇಬೇಕಾದ ದಾಳಿಗೆ ಯಾರನ್ನು ಕಳಿಸುವುದು ಎಂಬುದು ಈ ವರ್ಷದ ದೊಡ್ಡ ಪ್ರಶ್ನೆ. ಬಂದವರಲ್ಲಿ ಕಲ್ಲುಗುಂಡಿಯ ಒಳಗಿನ ಒಬ್ಬ ಹುಡುಗನಿದ್ದಾನೆ, ಮೊದಲ ವರ್ಷದ ಬಿ.ಎಸ್ಸಿ. ಎಡ ಮೂಲೆಗೆ ಹೇಳಿ ಮಾಡಿಸಿದ ಹಾಗಿದ್ದಾನೆ.

ಒಬ್ಬನಿಂದ ತಂಡ ಗೆಲ್ಲುತ್ತದೆಯೆ? ಇದಕ್ಕೆ ಭೌತಶಾಸ್ತ್ರ ಉತ್ತರ ಕೊಡುತ್ತದೆ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ. 70 ಕಿಲೋ ತೂಕದ ದಾಳಿಗಾರ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ನಡುಗೆರೆಯತ್ತ ಓಡುತ್ತಿದ್ದಾನೆ. ಅವನ ಸಂವೇಗ 280. ನಿಂತಲ್ಲಿಂದ 60 ಕಿಲೋದ ಒಬ್ಬ ಅವನನ್ನು ತಬ್ಬಿದರೆ ಇಬ್ಬರೂ ಸೇರಿ 130 ಕಿಲೋ. ವೇಗ ಸೆಕೆಂಡಿಗೆ ಸುಮಾರು 2.2 ಮೀಟರಿಗೆ ಇಳಿಯುತ್ತದೆ. ಅಷ್ಟರಲ್ಲಿ ಅವನು ಹಿಡಿದವನನ್ನೂ ಎಳೆದುಕೊಂಡು ಗೆರೆ ಮುಟ್ಟಿಬಿಡಬಹುದು. ಅದೇ ಇಬ್ಬರು ಕೈ ಕೋಲಿಸಿ ಸರಪಳಿಯಾಗಿ ಒಂದೇ ಕ್ಷಣದಲ್ಲಿ ತಡೆದರೆ 190 ಕಿಲೋ. ವೇಗ ಒಂದೂವರೆ ಮೀಟರಿಗೂ ಕಡಿಮೆ. ಮೂರನೆಯವನು ಬಂದು ಬೀಳಲು ಸಮಯ ಸಿಕ್ಕಿತು! ಆದರೆ "ಒಂದೇ ಕ್ಷಣದಲ್ಲಿ" ಎಂಬ ಮಾತನ್ನು ಗಮನಿಸಿ. ಮೂಲೆಯವನು ಕದಲಿದೊಡನೆ ಕವರಿನವನು ಕದಲಬೇಕು. ಇದು ಹೇಳಿಕೊಟ್ಟರೆ ಬರುವ ವಿದ್ಯೆಯಲ್ಲ. ದಿನಾ ಸಂಜೆ ಏಳು ಮಂದಿಯೂ ಒಟ್ಟಿಗೆ ಆಡಿದರೆ ಮಾತ್ರ ಬರುತ್ತದೆ.

ಇಲ್ಲಿಯೇ ನಮ್ಮ ಕಡೆಯ ಕಷ್ಟ ಶುರು. ಅಭ್ಯಾಸ ಆಗಬೇಕಾದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳೇ ನಮ್ಮ ಮಳೆಗಾಲ. ಮಣ್ಣಿನ ಅಂಕಣ ಎಂದರೆ ಮಣ್ಣು, ಗೊಬ್ಬರ, ಮರದ ಪುಡಿ ಸೇರಿಸಿ ಹದ ಮಾಡಿದ ನೆಲ. ಘಟ್ಟದ ಬುಡದ ಮಳೆಗೆ ಅದು ನಿಲ್ಲುವುದುಂಟೆ? 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಡಿಕೇರಿ ರಸ್ತೆ ಕಡಿದಾಗ ಈ ಭಾಗದ ಶಾಲೆಗಳು ನಿರಾಶ್ರಿತರ ಶಿಬಿರಗಳಾಗಿದ್ದವು. 2022ರ ಆಗಸ್ಟಿನಲ್ಲಿ ಕಲ್ಲುಗುಂಡಿ ಪೇಟೆಗೇ ಹೊಳೆ ನುಗ್ಗಿತ್ತು. ಅಂಥ ದಿನಗಳಲ್ಲಿ ಆಟದ ಮಾತನ್ನು ಯಾರು ಎತ್ತುತ್ತಾರೆ?

2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಮ್ಯಾಟಿನ ಆಟ ಹಳ್ಳಿ ಹಳ್ಳಿಯ ಟಿವಿಗೂ ಬಂತು. ಮಣ್ಣಿನಲ್ಲಿ ಬರಿಗಾಲಲ್ಲಿ ಬೆಳೆದವನು ಮ್ಯಾಟಿನ ಮೇಲೆ ಶೂ ಹಾಕಿ ತಿರುಗಿದರೆ ಹಿಡಿತ ಬೇರೆ, ಮಂಡಿಗೆ ಬೀಳುವ ತಿರುಚು ಬೇರೆ. ಮಾಡಿನ ಕೆಳಗೆ ಮ್ಯಾಟು, ಹಾಸ್ಟೆಲು, ಊಟ ಎಲ್ಲ ಇರುವ ಮೂಡುಬಿದಿರೆ, ಉಜಿರೆ, ಮಂಗಳೂರುಗಳ ದೊಡ್ಡ ಕಾಲೇಜುಗಳಿಗೆ ಜುಲೈಯೂ ಅಭ್ಯಾಸದ ತಿಂಗಳೇ. ನಮ್ಮವರಿಗೆ ಮಳೆ ಬಿಟ್ಟ ಮೇಲೆ ಉಳಿಯುವುದು ಕೆಲವೇ ವಾರ.

ಕಳೆದ ಕೆಲವು ವರ್ಷಗಳಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ. ಮೊದಲು ಕೊಡಗಿನ ಕಾಲೇಜುಗಳೂ ಮಂಗಳೂರು ವಿಶ್ವವಿದ್ಯಾಲಯದಡಿ ಇದ್ದವು. ಸಂಪಾಜೆಯ ಆಚೆ ಈಚೆಯ ಹುಡುಗರು ಒಂದೇ ಕೂಟದಲ್ಲಿ ಎದುರಾಗುತ್ತಿದ್ದರು. 2023ರಲ್ಲಿ ಕೊಡಗಿಗೆ ಪ್ರತ್ಯೇಕ ವಿಶ್ವವಿದ್ಯಾಲಯವಾದಾಗ ಈ ಲೆಕ್ಕ ಬದಲಾಯಿತು. ಹೊಳೆಯ ಆಚೆಯ ಗೆಳೆಯ ಅಂಕಣದಲ್ಲಿ ಸಿಗದೇ ಹೋದ ಬೇಸರವನ್ನು ಹುಡುಗರು ಈಗಲೂ ಹೇಳುವುದುಂಟು.

ಈಗ ಎಡ ಮೂಲೆಯ ಹುಡುಗನ ವಿಷಯ. ತರಗತಿ, ಪ್ರಯೋಗಾಲಯ ಮುಗಿಸಿ ಅಭ್ಯಾಸಕ್ಕೆ ನಿಂತರೆ ಅವನಿಗೆ ಮನೆಗೆ ಹೋಗುವ ಬಸ್ಸು ತಪ್ಪುತ್ತದೆ. ಹೆದ್ದಾರಿಯಲ್ಲಿ ಇಳಿದ ಮೇಲೂ ತೋಟದ ದಾರಿ ಕತ್ತಲಲ್ಲಿ ನಡೆಯಬೇಕು. ಮಳೆ ಹೊಳವಾದ ದಿನವೇ ಅಡಿಕೆಗೆ ಮದ್ದು ಬಿಡಬೇಕಾದುದರಿಂದ ಮನೆಯಲ್ಲಿ ಅವನ ಕೈಯೂ ಬೇಕು. ಅವನ ತಂದೆ ಪೇಟೆಯಲ್ಲಿ ಸಿಕ್ಕಾಗ ನೇರವಾಗಿ ಕೇಳಿದರು: "ಮಾಷ್ಟ್ರೆ, ಕಾಲು ಮುರಿದುಕೊಂಡರೆ ಅವನ ಬಿ.ಎಸ್ಸಿ ಯಾರು ಓದುವುದು?"

ಇದನ್ನು ನಗೆಯಲ್ಲಿ ತೇಲಿಸಿಬಿಡುವುದು ಸರಿಯಲ್ಲ. ಕಬಡ್ಡಿಯಲ್ಲಿ ಮಂಡಿಯ ಅಸ್ಥಿರಜ್ಜು ಹರಿದರೆ ತಿಂಗಳುಗಟ್ಟಲೆ ಕೋಲು ಹಿಡಿಯಬೇಕಾದೀತು. ಮೈ ಬಿಸಿ ಮಾಡದೆ ಅಂಕಣಕ್ಕಿಳಿಯಬಾರದು, ನೋವು ಮುಚ್ಚಿಟ್ಟು ಆಡಬಾರದು. ಕಾರ್ಕಳದ ಕಡೆಯ ಮಮತಾ ಪೂಜಾರಿ ಭಾರತ ತಂಡದ ನಾಯಕಿಯಾಗಿ 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಸುಕೇಶ್ ಹೆಗ್ಡೆ ಪ್ರೊ ಕಬಡ್ಡಿಯಲ್ಲಿ ತಂಡ ನಡೆಸಿದರು. ಆದರೆ ಅವರನ್ನು ತೋರಿಸಿ ಪ್ರತಿ ಮನೆಯ ಮಗನಿಗೂ ರೈಲ್ವೆಯ ನೌಕರಿ ಸಿಗುತ್ತದೆಂದು ನಾನು ಹೇಳಲಾರೆ. ಆ ತಂದೆಗೆ ನಾನು ಹೇಳಿದ್ದು ಇಷ್ಟೆ: ವಾರದಲ್ಲಿ ಮೂರು ಸಂಜೆ ಬಿಡಿ, ಪ್ರಯೋಗಾಲಯದ ರೆಕಾರ್ಡು ಬಾಕಿಯಾದರೆ ಆ ವಾರ ಆಟ ಬೇಡ. ಅವರು ಒಪ್ಪಿದೆನೆನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. "ಬಸ್ಸಿನದ್ದು ಏನು ಮಾಡುವುದು?" ಎಂದರು. ಹಾಗಾದರೆ ಅರ್ಧ ಒಪ್ಪಿದಂತೆಯೇ!

ಬಸ್ಸಿನ ಪ್ರಶ್ನೆಗೆ ಉತ್ತರ ಕಷ್ಟವಿಲ್ಲ. ಅರಂತೋಡು, ಗೂನಡ್ಕ, ಕಲ್ಲುಗುಂಡಿಯ ಹುಡುಗರು ಒಂದೇ ಸಂಜೆಗಳಲ್ಲಿ ಅಭ್ಯಾಸ ಇಟ್ಟುಕೊಂಡರೆ ಒಂದು ಜೀಪು ಸಾಕು; ಬಾಡಿಗೆಯನ್ನು ನಾಲ್ಕು ಮನೆಯವರು ಹಂಚಿಕೊಳ್ಳಬಹುದು. ಹೆಣ್ಣುಮಕ್ಕಳ ತಂಡಕ್ಕಂತೂ ಇದು ಇನ್ನೂ ಅಗತ್ಯ. ಚೆನ್ನಾಗಿ ಆಡುವ ಎಷ್ಟು ಹುಡುಗಿಯರು ಕತ್ತಲ ದಾರಿಯ ಕಾರಣದಿಂದಲೇ ಆಟ ಬಿಟ್ಟಿಲ್ಲ!

ಇನ್ನು ನನ್ನ ಭವಿಷ್ಯವಾಣಿ. ಎಡ ಮೂಲೆಯ ಹುಡುಗ ವಾರಕ್ಕೆ ಮೂರು ಸಂಜೆ ಬಂದರೆ ನಮ್ಮ ತಂಡ ಸೆಮಿಫೈನಲ್ ತಲಪುತ್ತದೆ. ಬಾರದಿದ್ದರೆ ದೊಡ್ಡ ಕಾಲೇಜೊಂದು ಎದುರಾದ ಮೊದಲ ಪಂದ್ಯದಲ್ಲೇ ಲೋನಾ ತಿಂದು ಮನೆಗೆ. ಫೈನಲ್ಲಿನ ಮಾತು ಬೇಡ. ಅಷ್ಟು ದೂರದ ದಾಳಿಗಾರ ನಮ್ಮಲ್ಲಿ ಈ ವರ್ಷ ಇಲ್ಲ. ಆದರೆ ಒಬ್ಬಿಬ್ಬರು ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಕರೆ ಪಡೆದರೆ ಆಶ್ಚರ್ಯವಿಲ್ಲ. ಅಲ್ಲಿಂದ ದಕ್ಷಿಣ ವಲಯ, ಮುಂದೆ ಅಖಿಲ ಭಾರತ ಮಟ್ಟ. ದಾರಿ ಉದ್ದವೇನೋ ಹೌದು, ಮುಚ್ಚಿದ್ದಲ್ಲ.

ಹೆತ್ತವರಲ್ಲಿ ಒಂದು ವಿನಂತಿ. 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಒಂದು ಪಂದ್ಯಕ್ಕೆ ಮುಕ್ಕಾಲು ಗಂಟೆ. ಅಡಿಕೆ ಮಾರಲು ಸುಳ್ಯಕ್ಕೆ ಹೋದ ದಿನ ಅಷ್ಟು ಹೊತ್ತು ಅಂಕಣದ ಬದಿಯಲ್ಲಿ ನಿಲ್ಲಿ. ಮಗ ಬಿದ್ದಾಗ ಹೇಗೆ ಏಳುತ್ತಾನೆ, ಸೋತಾಗ ಜೊತೆಯವನಿಗೆ ಏನು ಹೇಳುತ್ತಾನೆ ಎಂದು ಕಣ್ಣಾರೆ ನೋಡಿ. ಬಿಡಬೇಕೋ ಬೇಡವೋ ಎಂದು ಆ ಮೇಲೆ ತೀರ್ಮಾನಿಸಿ.