ಎಂಟುನೂರು ಸಿಸಿಯ ಭೂಗೋಳ

ನೆಲಮಂಗಲ ದಾಟಿದ ಮೇಲೆ ಹಾಸನದವರೆಗೆ ರಸ್ತೆ ಸಪಾಟು ಎನ್ನುವವರು ದೊಡ್ಡ ಕಾರಿನಲ್ಲಿ ಓಡಾಡುವವರು. ಆಲ್ಟೊ 800 ಓಡಿಸುವ ನನಗೆ ಆ ದಾರಿಯಲ್ಲಿ ಸಪಾಟಾದ ಒಂದು ಫರ್ಲಾಂಗೂ ಸಿಕ್ಕಿಲ್ಲ. ಕುಣಿಗಲ್ಲಿನ ಆಚೆ ಕಣ್ಣಿಗೆ ಮಟ್ಟಸವಾಗಿಯೇ ಕಾಣುವ ಕಡೆ, ಐದನೇ ಗೇರಿನಲ್ಲಿ ಹಗುರಾಗಿ ಹೋಗುತ್ತಿದ್ದ ಗಾಡಿಯ ದನಿ ಮೆಲ್ಲಗೆ ದಪ್ಪವಾಗುತ್ತದೆ. ಆಕ್ಸಿಲರೇಟರಿನ ಮೇಲಿನ ಕಾಲು ತಾನಾಗಿ ಇನ್ನೊಂದಿಷ್ಟು ಕೆಳಗಿಳಿಯುತ್ತದೆ. ನೆಲ ಏರುತ್ತಿದೆ ಎಂಬುದು ಕಣ್ಣಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ. ಸ್ವಲ್ಪ ದೂರ ಹೋದರೆ ಒಂದು ಕೆರೆಯ ಏರಿ, ಅದರಾಚೆ ಇಳಿಜಾರು, ಮತ್ತೆ ದನಿ ತಿಳಿ. ಮಳೆನೀರು ಎತ್ತಲಿಂದ ಎತ್ತ ಹರಿದು ಆ ಕೆರೆ ಸೇರುತ್ತದೆ ಎಂಬುದನ್ನು ನಾನು ಯಾವ ನಕ್ಷೆಯನ್ನೂ ನೋಡದೆ ಹೇಳಬಲ್ಲೆ.

ಕಾರಣ ಸರಳ. ಎಂಜಿನ್ 796 ಸಿಸಿ, ಮೂರೇ ಸಿಲಿಂಡರ್, ಶಕ್ತಿ 50 ಅಶ್ವಶಕ್ತಿಗಿಂತ ಕಡಿಮೆ. ಗಾಡಿಯ ತೂಕ ಸುಮಾರು 700 ಕಿಲೊ. ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಎರಡು ಬ್ಯಾಗು, ಒಂದು ಚೀಲ ತೆಂಗಿನಕಾಯಿ ಇಟ್ಟರೆ ಇನ್ನೊಂದು 300 ಕಿಲೊ ಸೇರಿತು; ಅಂದರೆ ತನ್ನ ತೂಕದ ಅರ್ಧಕ್ಕೆ ಹತ್ತಿರ. ಎರಡು ಟನ್ನಿನ ಕಾರಿಗೆ ಇಷ್ಟು ಭಾರ ಲೆಕ್ಕಕ್ಕೇ ಬರುವುದಿಲ್ಲ. ನನ್ನದಕ್ಕೆ ಬರುತ್ತದೆ. ಅಕ್ಕ, ಭಾವ ಹಾಸನದಲ್ಲಿ ಇಳಿದುಕೊಂಡರೆ ಮುಂದಿನ ಏರಿನಲ್ಲಿ ಅವರಿಲ್ಲದಿರುವುದು ಗೇರಿನಲ್ಲಿ ತಿಳಿಯುತ್ತದೆ. ಯಾರನ್ನು ಕೂರಿಸಿಕೊಂಡಿದ್ದೇನೆ, ಎಷ್ಟು ಹೊತ್ತಿದ್ದೇನೆ, ಯಾವ ನೆಲದ ಮೇಲಿದ್ದೇನೆ ಎಂಬುದನ್ನು ಮರೆಯಲು ಬಿಡದ ವಾಹನ ಇದು. ನನಗೆ ಸಣ್ಣ ಕಾರಿನ ಮೇಲಿರುವ ಪ್ರೀತಿಯ ಮೂಲ ಇಲ್ಲಿದೆ. ಪೆಟ್ರೋಲ್ ಉಳಿಯುವುದು ಅದರ ಹಿಂದೆ ಬರುವ ಲಾಭ.

ನಿಜವಾದ ಪಾಠವಿರುವುದು ಶಿರಾಡಿ ಘಾಟಿಯಲ್ಲಿ, ಅದೂ ಊರಿನಿಂದ ಬೆಂಗಳೂರಿಗೆ ಮರಳುವಾಗ. ಪುತ್ತೂರು ಬಿಟ್ಟು ಉಪ್ಪಿನಂಗಡಿ, ನೆಲ್ಯಾಡಿ ದಾಟಿ ಗುಂಡ್ಯ ತಲುಪುವವರೆಗೆ ಗಾಡಿ ಹೇಳಿದ ಹಾಗೆ ಕೇಳುತ್ತದೆ. ಅಲ್ಲಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಎತ್ತರ ಹತ್ತಬೇಕು. ಒಂದು ಟನ್ ಭಾರವನ್ನು ಅಷ್ಟು ಎತ್ತರಕ್ಕೆ ಏರಿಸಲು, ಪೆಟ್ರೋಲಿನ ಕಾವಿನಲ್ಲಿ ಕಾಲು ಪಾಲು ಮಾತ್ರ ಚಕ್ರಕ್ಕೆ ದಕ್ಕುತ್ತದೆ ಎಂದು ಲೆಕ್ಕ ಹಿಡಿದರೆ, ಹೆಚ್ಚುಕಡಿಮೆ ಒಂದು ಲೀಟರ್ ಬೇಕು. ದೂರ ಕ್ರಮಿಸುವ ಖರ್ಚು ಬೇರೆ. ಇದು ಬರೀ ಎತ್ತುವ ಖರ್ಚು. ಎರಡೂವರೆ ಟನ್ನಿನ ಗಾಡಿಗೆ ಅದೇ ಘಾಟಿ ಎರಡೂವರೆ ಲೀಟರ್ ಕೇಳುತ್ತದೆ, ಒಳಗೆ ಒಬ್ಬರೇ ಕೂತಿದ್ದರೂ. ಈ ಲೆಕ್ಕ ಮನಸ್ಸಿಗೆ ಬಂದ ದಿನದಿಂದ ದೊಡ್ಡ ಗಾಡಿಯ ಆಸೆ ನನ್ನಲ್ಲಿ ಪೂರ್ತಿ ಇಂಗಿಹೋಯಿತು.

ಘಾಟಿಯಲ್ಲಿ ಗೇರ್ ಇಳಿಸುವುದು ಗಾಡಿ ಸುಸ್ತಾದ ಮೇಲಲ್ಲ, ಸುಸ್ತಾಗುವ ಮೊದಲು. ತಿರುವು ಕಾಣುತ್ತಿದ್ದಂತೆ ಎರಡನೇ ಗೇರಿಗೆ ಬಂದುಬಿಡಬೇಕು. ಮೂರನೆಯದರಲ್ಲೇ ಎಳೆದುಕೊಂಡು ಹೋಗಿ ತಿರುವಿನ ನಡುವೆ ಇಳಿಸಲು ನೋಡಿದರೆ ಇದ್ದ ಓಟವೆಲ್ಲ ಸೋರಿಹೋಗಿ, ಹಾಫ್ ಕ್ಲಚ್ಚಿನಲ್ಲಿ ಹತ್ತಿಸುವ ಪಾಡು. ಮುಂದೆ ಮಂಗಳೂರಿನಿಂದ ಗ್ಯಾಸು ತುಂಬಿಕೊಂಡು ಬಂದ ಬುಲೆಟ್ ಟ್ಯಾಂಕರ್ ಇರುತ್ತದೆ. ಅದನ್ನು ಓವರ್‌ಟೇಕ್ ಮಾಡುವುದು ಪಿಕಪ್ಪಿನ ಮಾತಲ್ಲ, ಎದುರಿನ ದಾರಿ ದೂರದವರೆಗೆ ತೆರೆದು ಕಾಣುವ ಜಾಗ ಯಾವುದು ಎಂದು ತಿಳಿದಿರುವ ಮಾತು. ಅಂಥ ಜಾಗ ಬರುವವರೆಗೆ ಟ್ಯಾಂಕರಿನ ಹಿಂದೆಯೇ ಹೋಗುತ್ತೇನೆ. ಏರಿನಲ್ಲಿ ಎಸಿ ಹಾಕಿದರೆ ಕಂಪ್ರೆಸರ್ ತನ್ನ ಪಾಲು ಶಕ್ತಿ ಕಿತ್ತುಕೊಳ್ಳುತ್ತದೆ. ಆದ್ದರಿಂದ ಎಸಿ ಬಂದ್, ಕಿಟಕಿ ಕೆಳಗೆ. ಮಳೆಗಾಲದಲ್ಲಿ ಕೆಂಪುಹೊಳೆಯ ಸದ್ದು ಒಳಗೆ ಬರುತ್ತದೆ, ಕೊಳೆತ ಎಲೆಯ ವಾಸನೆ ಬರುತ್ತದೆ, ಮಾರನಹಳ್ಳಿ ಹತ್ತಿರವಾಗುತ್ತಿದ್ದಂತೆ ತೋಳಿಗೆ ಚಳಿ ತಾಗುತ್ತದೆ. ಕರಾವಳಿಯ ಬೆವರು ಎಲ್ಲಿ ಮುಗಿದು ಮಲೆನಾಡಿನ ಗಾಳಿ ಎಲ್ಲಿ ಶುರುವಾಗುತ್ತದೆ ಎಂಬ ಗಡಿ ನನಗೆ ಚರ್ಮದಲ್ಲೇ ಗೊತ್ತು.

ಇಳಿಯುವಾಗಿನ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಕಾರ್ಬ್ಯುರೇಟರ್ ಕಾಲದಿಂದ ಬಂದದ್ದು. ಕೆಲವರು ಕೀಲಿಯನ್ನೇ ತಿರುಗಿಸಿ ಎಂಜಿನ್ ಬಂದ್ ಮಾಡುವುದನ್ನೂ ನೋಡಿದ್ದೇನೆ. ಇಂದಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರಿನಲ್ಲೇ ಇಟ್ಟು ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಪೆಟ್ರೋಲ್ ಸಿಂಪಡಿಸುವುದೇ ನಿಲ್ಲುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಎಂಜಿನ್ ಆರದಂತೆ ನೋಡಿಕೊಳ್ಳಲು ಪೆಟ್ರೋಲ್ ಉರಿಯುತ್ತಲೇ ಇರುತ್ತದೆ. ಎಂಜಿನ್ ಬಂದ್ ಮಾಡಿದರಂತೂ ಬ್ರೇಕಿಗೆ ಬಲ ಕೊಡುವ ನಿರ್ವಾತ ಕೆಲವೇ ಒತ್ತುಗಳಲ್ಲಿ ಖಾಲಿಯಾಗಿ, ಪೆಡಲು ಕಲ್ಲಾಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಲಾರಿ ಡ್ರೈವರುಗಳು ಹೇಳುವ ಮಾತು ಜೀವಕ್ಕೂ ಒಳ್ಳೆಯದು, ಪೆಟ್ರೋಲಿಗೂ ಒಳ್ಳೆಯದು.

ಬಯಲಿನ ಹೆದ್ದಾರಿಯಲ್ಲಿ ಎದುರಾಳಿ ಗಾಳಿ. ಅದರ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. 80ರಿಂದ 100ಕ್ಕೆ ಹೋದರೆ ಒಂದೂವರೆ ಪಟ್ಟಿಗಿಂತ ಹೆಚ್ಚು. 60-70ರಲ್ಲಿ ಹೋದರೆ ಲೀಟರಿಗೆ ಇಪ್ಪತ್ತು ಕಿಲೋಮೀಟರ್ ದಾಟಿಸುವ ಗಾಡಿ, ಅವಸರ ಮಾಡಿದ ದಿನ ಆ ಮಾತು ಮರೆತುಬಿಡುತ್ತದೆ. ಸ್ಲೀಪರ್ ಬಸ್ಸು ಪಕ್ಕದಲ್ಲಿ ನುಗ್ಗಿದಾಗ ಮೊದಲು ಹೊರಕ್ಕೆ ತಳ್ಳಿ ಆಮೇಲೆ ಒಳಕ್ಕೆ ಎಳೆಯುವ ಗಾಳಿಯನ್ನು ಸ್ಟೀರಿಂಗಿನಲ್ಲಿ ಎರಡೂ ಕೈಯಿಂದ ತಡೆಯಬೇಕು. ಭಾರದ ವಾಹನಗಳ ನಡುವೆ ಹಗುರ ಗಾಡಿಗೆ ಅಪಾಯ ಹೆಚ್ಚು. ಈ ಮಾತನ್ನು ಮುಚ್ಚಿಟ್ಟು ಸಣ್ಣ ಕಾರನ್ನು ಹೊಗಳುವುದು ಸರಿಯಲ್ಲ. ಕತ್ತಲಾದ ಮೇಲೆ ನಾನು ಹೆದ್ದಾರಿಗೆ ಇಳಿಸುವುದಿಲ್ಲ.

ಊರಿನ ದಾರಿಗೆ ಬಂದರೆ ಲೆಕ್ಕ ತಿರುಗುತ್ತದೆ. ಡಾಂಬರು ಬಿಟ್ಟು ತೋಟಕ್ಕೆ ಇಳಿಯುವ ಮಣ್ಣಿನ ದಾರಿಗೆ ಒಂದು ಕಡೆ ಬೇಲಿ, ಇನ್ನೊಂದು ಕಡೆ ಕಣಿ. ಎದುರಿಗೆ ಅಡಿಕೆ ಮೂಟೆ ಹೊತ್ತ ಜೀಪು ಬಂದರೆ, ಬೇಲಿಗೆ ತಾಗಿ ನಿಂತು ದಾರಿ ಕೊಡಲು ನನಗೆ ಸಾಧ್ಯ. ಚಳಿಗಾಲದಲ್ಲಿ ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ಗಾಡಿಗೆ ಉಳಿಯುವುದು ಹಟ್ಟಿಯ ಬದಿಯ ಒಂದು ಮೂಲೆ. ಅಷ್ಟರಲ್ಲೇ ತಿರುಗಿಸಿ, ಒಂದು ಅಡಿಕೆಯನ್ನೂ ತುಳಿಯದೆ ಹೊರಡಬಹುದು.

ನಮ್ಮ ಓಣಿಗಳಿಗೆ ಇಷ್ಟು ಚೆನ್ನಾಗಿ ಹೊಂದುವ ಈ ಅಳತೆ ಬಂದದ್ದು ಜಪಾನಿನ ಕಾನೂನಿನಿಂದ. ಯುದ್ಧದ ನಂತರ ಅಲ್ಲಿ ಪುಟ್ಟ ಕಾರುಗಳಿಗೆ ಪ್ರತ್ಯೇಕ ವರ್ಗ ಮಾಡಿ, ತೆರಿಗೆ ಇಳಿಸಿ, ಉದ್ದ, ಅಗಲ, ಎಂಜಿನ್ನಿಗೆ ಮಿತಿ ಹಾಕಿದರು. ಎಂಜಿನ್ನಿನ ಮಿತಿ 550 ಸಿಸಿ ಇದ್ದ ಕಾಲದ ಸುಜುಕಿ ಕಾರೊಂದರ ಮೈಗೆ 796 ಸಿಸಿ ಎಂಜಿನ್ ಕೂರಿಸಿದ್ದೇ ಮಾರುತಿ 800. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟರು. ಆ ಮಾದರಿಯ ತಯಾರಿಕೆ 2014ರಲ್ಲಿ ನಿಂತಿತು. ಹಿಂದೆ ಎಂಜಿನ್ ಇಟ್ಟು, ಮೂರು ಮೀಟರ್ ಚಿಲ್ಲರೆ ಉದ್ದದಲ್ಲಿ ನಾಲ್ವರು ಕಾಲು ಚಾಚುವಷ್ಟು ಜಾಗ ಮಾಡಿದ ನ್ಯಾನೊ 2018ರಲ್ಲಿ ನಿಂತಿತು. ಅಗ್ಗದ ಕಾರು ಎಂಬ ಹೆಸರಿನಡಿ ಆ ಜಾಣ್ಮೆ ಯಾರಿಗೂ ಕಾಣದೆ ಹೋದದ್ದು ನನಗೆ ಇಂದಿಗೂ ಬೇಸರ. ಆಲ್ಟೊ 800 ಕೂಡ 2023ಕ್ಕೆ ಮುಗಿಯಿತು. ರಸ್ತೆಯಲ್ಲಿ ಈಗ ಎತ್ತರದ, ಅಗಲದ ಗಾಡಿಗಳದೇ ಸಾಲು. ಬಹುಪಾಲು ಗಾಡಿಗಳಲ್ಲಿ ಒಬ್ಬರೋ ಇಬ್ಬರೋ ಕೂತಿರುತ್ತಾರೆ. ಸಣ್ಣ ಕಾರನ್ನು ಭದ್ರವಾಗಿ ಮಾಡಿಕೊಡಿ ಎಂದು ಕೇಳುವ ಬದಲು ನಾವು ದೊಡ್ಡ ಕಾರು ಕೊಂಡು ಸಮಾಧಾನ ಮಾಡಿಕೊಂಡೆವು.

ಹೋದ ರಜೆಯಲ್ಲಿ ತಂಗಿಯ ಮಗಳು ಈ ಗಾಡಿಯಲ್ಲೇ ಡ್ರೈವಿಂಗ್ ಕಲಿತಳು. ಹುಟ್ಟಿದಾಗಿನಿಂದ ಆಟೋದಲ್ಲಿ, ಬಸ್ಸಿನಲ್ಲಿ, ಅಪ್ಪನ ಜೀಪಿನಲ್ಲಿ ಓಡಾಡಿದ ದಾರಿ ಅವಳದು. ಶಾಲೆಯ ಮುಂದಿನ ನೇರ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಹೋಗುತ್ತಿದ್ದವಳು ಹುಬ್ಬು ಗಂಟಿಕ್ಕಿ ಕಿವಿಗೊಟ್ಟಳು.

"ಮಾವ, ಇಲ್ಲಿ ಏರು ಉಂಟಾ?"

"ಉಂಟು. ಏನು ಮಾಡ್ತಿ ಈಗ?"

ಅವಳು ಕ್ಲಚ್ ಒತ್ತಿ ಎರಡಕ್ಕೆ ಇಳಿಸಿದಳು. ಗಾಡಿ ಎಳೆಯಿತು. "ಸೈಕಲಿನಲ್ಲಿ ಹೋಗುವಾಗ ಇಲ್ಲಿ ಕಾಲು ನೋಯ್ತಿತ್ತು, ಯಾಕೆ ಅಂತ ಗೊತ್ತೇ ಇರ್ಲಿಲ್ಲ" ಎಂದಳು; ಮುಂದಿನ ಸೇತುವೆಯವರೆಗೂ ಎಲ್ಲೆಲ್ಲಿ ಏರು, ಎಲ್ಲೆಲ್ಲಿ ಇಳಿಜಾರು ಎಂದು ತಾನೇ ಹೇಳುತ್ತಾ ಹೋದಳು.