ಪಿಯಾನೋಗೂ ಒಂದು ಗೂಡು

30-40ರ ಸೈಟಿನಲ್ಲಿ ಮನೆ ಕಟ್ಟಿಸುವವರು ಮೊದಲು ಕಾರಿಗೆ, ಆಮೇಲೆ ದೇವರಿಗೆ, ಉಳಿದರೆ ಮನುಷ್ಯರಿಗೆ ಜಾಗ ಹುಡುಕುತ್ತಾರೆ. ಮೈಸೂರಿನಲ್ಲಿ ನಾವು ಕಟ್ಟಿಸಿದ ಮನೆಯ ನಕ್ಷೆಯಲ್ಲಿ ಪಾಲು ಕೇಳಲು ಇನ್ನೊಬ್ಬರಿದ್ದರು: ಮೊಮ್ಮಗಳ ಪಿಯಾನೋ. ಊರು ಬಿಟ್ಟು ಹೊರಟಿದ್ದ ಕುಟುಂಬವೊಂದರಿಂದ ಕೊಂಡ ಹಳೆಯದು. ಗೋಡೆಗೆ ಆನಿಸಿ ನಿಲ್ಲಿಸುವ ಜಾತಿ. 5 ಅಡಿ ಉದ್ದ, 4 ಅಡಿ ಎತ್ತರ, 2 ಅಡಿ ದಪ್ಪ, ತೂಕ 200 ಕಿಲೋಗೂ ಮೇಲೆ. ಕೂರುವವರ ಬೆಂಚಿಗೆ ಮುಂದೆ ಇನ್ನೂ 3 ಅಡಿ ಬಿಡಬೇಕು.

“ಹಾರ್ಮೋನಿಯಂ ಕಲಿತಿದ್ದರೆ ಮಂಚದ ಕೆಳಗೆ ತಳ್ಳಬಹುದಿತ್ತಲ್ಲ!” ಎಂದಳು ನನ್ನ ಹೆಂಡತಿ.

ಪಿಯಾನೋ ನಮ್ಮೂರಿಗೆ ಹೊಸದೇನಲ್ಲ. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದಂತೆಯೇ ಪಿಯಾನೋವನ್ನೂ ಕಲಿತವರು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ರಷ್ಯಾದ ಸಂಗೀತಗಾರ ಮೆಟ್ನರ್ ಅವರ ರಚನೆಗಳು ಧ್ವನಿಮುದ್ರಣಗೊಳ್ಳಲು 1940ರ ದಶಕದಲ್ಲಿ ಹಣ ಕೊಟ್ಟವರು ಅವರೇ. ಆದರೆ ಅವರಿಗೆ ಅರಮನೆಯಿತ್ತು; ನಮಗಿದ್ದದ್ದು 1,200 ಚದರಡಿ.

ಮಹಡಿಯ ಮೇಲಿಡೋಣ ಎಂದ ಮಗ. ನೆಲ ತಡೆಯುತ್ತದೆ, ಆದರೆ ಮೆಟ್ಟಿಲು ತಿರುಗುವ ಕಡೆ ಅದು ತಿರುಗುವುದಿಲ್ಲ ಎಂದರು ಎಂಜಿನಿಯರ್. ಮೇಲಾಗಿ ತಾರಸಿ ಬೇಸಿಗೆಯಲ್ಲಿ ಕಾವಲಿಯಂತೆ ಕಾಯುತ್ತದೆ. ಕೆಳಗಿನ ಹಾಲ್‌ನಲ್ಲೇ ಇಡಬೇಕು ಎಂದಾಯಿತು. ಯಾವ ಗೋಡೆಗೆ? ಪಶ್ಚಿಮದ ಗೋಡೆಗೆ ಮಳೆಯ ಇರಚಲು, ಮಧ್ಯಾಹ್ನದ ಬಿಸಿಲು. ಅಡುಗೆಮನೆಯ ಪಕ್ಕದಲ್ಲಿ ಹಬೆ, ಒಗ್ಗರಣೆಯ ಜಿಡ್ಡು.

ಇಷ್ಟೊಂದು ನಾಜೂಕು ಏಕೆಂದು ಕೇಳುವ ಮಕ್ಕಳು ಒಮ್ಮೆ ಪಿಯಾನೋದ ಒಳಗೆ ಇಣುಕಬೇಕು. ಹೊರಗೆ ಕಾಣುವ ಮನೆಗಳು 88, ಬಿಳಿ 52, ಕಪ್ಪು 36. ಒಂದನ್ನು ಒತ್ತಿದರೆ ಒಳಗೆ ಉಣ್ಣೆಯ ಗಟ್ಟಿ ಬಟ್ಟೆ ಸುತ್ತಿದ ಪುಟ್ಟ ಸುತ್ತಿಗೆಯೊಂದು ಹಾರಿ ತಂತಿಗೆ ಬಡಿಯುತ್ತದೆ. ತಂತಿಗಳು ಸುಮಾರು 230. ಎಲ್ಲದರ ಬಿಗಿತ ಕೂಡಿಸಿದರೆ 15 ಟನ್ನಿಗೂ ಹೆಚ್ಚು. ಅದನ್ನು ತಾಳಿಕೊಳ್ಳಲೆಂದೇ ಎರಕದ ಕಬ್ಬಿಣದ ಚೌಕಟ್ಟು ಇದೆ. ನಾದ ತುಂಬಿ ಬರುವುದು ಮಾತ್ರ ಹಿಂದಿರುವ ತೆಳು ಮರದ ಹಲಗೆಯಿಂದ. ಮಳೆಗಾಲದಲ್ಲಿ ಅದು ತೇವ ಹೀರಿ ಉಬ್ಬುತ್ತದೆ, ತಂತಿ ಬಿಗಿಯುತ್ತದೆ, ಶ್ರುತಿ ಏರುತ್ತದೆ. ಬೇಸಿಗೆಯಲ್ಲಿ ಒಣಗಿ ಇಳಿಯುತ್ತದೆ. ತಂಬೂರಿ ಇಟ್ಟುಕೊಂಡ ಅಜ್ಜಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಂಬೂರಿಗೆ ನಾಲ್ಕು ತಂತಿ, ಕೂತಲ್ಲೇ ಸರಿಮಾಡಬಹುದು. ಇದಕ್ಕೆ ಶ್ರುತಿ ಮಾಡುವವರೇ ಬರಬೇಕು, ವರ್ಷಕ್ಕೆ ಒಂದೆರಡು ಸಲ.

ಕೊನೆಗೆ ಉಳಿದದ್ದು ಒಂದೇ ಒಳಗೋಡೆ. ಅದರ ಆಚೆ ನಮ್ಮಿಬ್ಬರ ಮಲಗುವ ಕೋಣೆ, 10 ಅಡಿಗೆ 11. ಹಾಲ್ ಕಿರಿದು, ಗೋಡೆಯನ್ನು ನಮ್ಮ ಕಡೆಗೆ 2 ಅಡಿ ಒಳಕ್ಕೆ ತಂದು ಗೂಡು ಮಾಡಿದರಷ್ಟೇ ಪಿಯಾನೋ ಕೂರುತ್ತದೆ. ಮಂಡಿನೋವಿನ ನನಗೆ ಮಹಡಿಯ ಕೋಣೆ ಆಗದು. ಇದನ್ನು ಬಾಯಿಬಿಟ್ಟು ಕೇಳಲು ಮಗನಿಗೆ ಸಂಕೋಚ. “ಮಾರಿಬಿಡೋಣ ಅಪ್ಪ, ಒಂದು ಕೀಬೋರ್ಡ್ ಕೊಡಿಸಿದರಾಯಿತು” ಎಂದ.

ಆ ವಾರ ಮೊಮ್ಮಗಳು ಪಿಯಾನೋದ ಮುಚ್ಚಳ ತೆಗೆಯಲಿಲ್ಲ. ಯಾಕಮ್ಮ ಎಂದರೆ, “ಕೀಬೋರ್ಡೇ ಸಾಕು ತಾತ, ಅದನ್ನ ಮಡಿಲಲ್ಲೂ ಇಟ್ಕೋಬಹುದು” ಎಂದಳು. ಹತ್ತು ವರ್ಷದ ಮಗು, ನನ್ನ ಮುಖ ನೋಡದೆ ಹೇಳಿದಳು. ಹಾಗೆ ಹೇಳುವುದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ.

ರಾತ್ರಿ ನನ್ನವಳು ನಕ್ಷೆ ಹರಡಿಕೊಂಡು ಕೂತಳು. ಎರಡು ಹಾಳೆ ಕತ್ತರಿಸಿ, ಒಂದು ನಮ್ಮ ಮಂಚ, ಇನ್ನೊಂದು ಬೀರು ಎಂದು ಸರಿಸಾಡಿದಳು. ಬೀರುವಿನ ಹಾಳೆ ಎಲ್ಲಿಯೂ ಕೂರಲಿಲ್ಲ. ಅದರಲ್ಲಿ ನಲವತ್ತು ವರ್ಷಗಳ ರೇಷ್ಮೆ ಸೀರೆಗಳಿವೆ. ಬೆಳಿಗ್ಗೆ ಮಗನಿಗೆ, “ಬೀರು ಮೇಲಿರಲಿ. ಸೀರೆ ಬೇಕಾದಾಗ ನಿನ್ನ ಹೆಂಡತಿ ತಂದುಕೊಡಲಿ. ಗೂಡು ಕಟ್ಟಿಸು” ಎಂದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ ಬಿಡಿ.

ಹೊಸ ಗಾರೆಯ ತೇವ ಆರಲೆಂದು ಗೃಹಪ್ರವೇಶವಾದ ಎರಡು ತಿಂಗಳವರೆಗೂ ಪಿಯಾನೋ ಅವಳ ಟೀಚರ್ ಮನೆಯಲ್ಲೇ ಇತ್ತು. ಬಂದ ಮೇಲೂ ಹೊಸ ಗಾಳಿಗೆ ಹೊಂದಿಕೊಳ್ಳಲಿ ಎಂದು ಮೂರು ವಾರ ಬಿಟ್ಟು ಶ್ರುತಿ ಮಾಡಿಸಿದೆವು. ಈಗ ದಿನಾ ಸಂಜೆ ಆರಕ್ಕೆ ಅಭ್ಯಾಸ. ಎಡತುದಿಯ ಒಂದು ಮನೆ ಒತ್ತಿದಾಗಲೆಲ್ಲ ನಮ್ಮ ಕೋಣೆಯ ಕಿಟಕಿಯ ಬಳಿಯ ಸ್ಟೀಲ್ ಲೋಟ ಗುಂಯ್ ಎನ್ನುತ್ತದೆ. ಯಾವ ಮನೆ ಎಂದು ಪತ್ತೆ ಹಚ್ಚಲು ನಾನೂ ಮೊಮ್ಮಗಳೂ ಗೋಡೆಯ ಆಚೆ ಈಚೆ ನಿಂತು ಅರ್ಧ ಗಂಟೆ ಕೂಗಾಡಿದೆವು. ಎಡದಿಂದ ಹದಿನಾಲ್ಕನೆಯದು. ಲೋಟ ಎತ್ತಿಡು ಎಂದರೆ ಅವಳ ಅಜ್ಜಿ ಒಪ್ಪುತ್ತಿಲ್ಲ.